ಬಾ ಅಂದರೆ ಬಾ ಅಲ್ಲ

ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದೆ. ಎದುರು ಕೂತಿದ್ದ ಮಗಳ ಫೋನಿನಿಂದ, ಗಿಟಾರಿನ ಗದ್ದಲದ ನಡುವೆ, ಒಂದು ಹೆಣ್ಣುದನಿ ಎದ್ದು ಬಂತು: “ಏನ್ರೀಪಾ?” ಅದರ ಬೆನ್ನಿಗೇ ಹತ್ತಾರು ಗಂಡಸರ ನಗು. ಸಿಂಗಾಪುರದ ಟ್ಯಾಂಪಿನೀಸಿನ ನಮ್ಮ ಒಂಬತ್ತನೇ ಮಹಡಿಯ ಮನೆಗೆ ಗದಗಿನ ಮಾತು ಹೊಸದಲ್ಲ. ಅದು ಡ್ರಮ್ಮು ಗಿಟಾರುಗಳ ಜೊತೆ ಬಂದದ್ದು ಮಾತ್ರ ಅದೇ ಮೊದಲು.

“ಅಮ್ಮ, ನಿನ್ನ ವಿಡಿಯೋ ಸಿಕ್ತು,” ಎಂದಳು ಇಳಾ. ಅವಳಿಗೀಗ ಹತ್ತೊಂಬತ್ತು. ಸಾಮ್‌ಲೋ ಎಂಬ ಥಾಯ್ ರಾಕ್ ಬ್ಯಾಂಡಿನ ಡ್ರಮ್ಮರ್ ಅದನ್ನು ತಮ್ಮ ಪುಟದಲ್ಲಿ ಹಾಕಿದ್ದ. ಕೆಳಗೆ ಬರೆದಿದ್ದ: ನಾವು ಸಿಂಗಾಪುರದಲ್ಲಿ ಮೊದಲ ಸಲ ನುಡಿಸಿದ ದಿನ ಇದು. ಮುಂದಿನ ತಿಂಗಳು ಅಲ್ಲೇ, ಕಲ್ಲಾಂಗಿನ ಕ್ರೀಡಾಂಗಣದಲ್ಲಿ, ನಮ್ಮ ಕೊನೆಯ ಕಾರ್ಯಕ್ರಮ. ಈ ಹುಡುಗಿ ಯಾರೆಂದು ಗೊತ್ತಿದ್ದವರು ಕರೆತನ್ನಿ, ಅವಳು ಇನ್ನೊಮ್ಮೆ ವೇದಿಕೆಗೆ ಬರಬೇಕು.

“ನಾನು ನಿನ್ನೆನೇ ಇಮೇಲ್ ಮಾಡ್ಬಿಟ್ಟೆ, ಇವಳು ನಮ್ಮಮ್ಮ ಅಂತ. ರಿಪ್ಲೈನೂ ಬಂತು. ಸ್ಟೇಜ್ ಪಾಸ್ ಕೊಡ್ತಾರಂತೆ, ಒಂದೇ ಒಂದು.”

ವಿಡಿಯೋ ನೋಡಿದೆ. ಯಾರದೋ ಹಳೆಯ ಕ್ಯಾಮ್‌ಕಾರ್ಡರಿನಲ್ಲಿ ಹಿಡಿದ, ಅಲುಗುವ ಚಿತ್ರ. ಗೇಣೆತ್ತರದ ವೇದಿಕೆ, ಅದರ ಮೇಲೆ ಚೂಡಿದಾರದ ಹುಡುಗಿಯೊಬ್ಬಳ ಬೆನ್ನು, ಬೆನ್ನಿನ ಮೇಲೆ ಉದ್ದ ಜಡೆ. ಮುಖ ಕಾಣುವುದಿಲ್ಲ. ಆಗ ನನಗೂ ಜಡೆ ಅಷ್ಟೇ ಉದ್ದವಿತ್ತು. ಇಳಾ ಅದನ್ನು ಮತ್ತೊಮ್ಮೆ ಹಾಕಿದಳು, ಮಗುದೊಮ್ಮೆ ಹಾಕಿದಳು, ಆಮೇಲೆ ತಲೆ ಓರೆ ಮಾಡಿದಳು.

“ವೇಟ್ ಲಾ. ಅಮ್ಮ, ನೀನು ‘ರೀಪಾ’ ಅನ್ನಲ್ಲ ಅಲ್ವಾ? ಗಿರಿಜಾ ಆಂಟಿ ತಾನೇ ಹಾಗನ್ನೋದು?”

“ಅವಳ ಜೊತೆ ಇದ್ದೂ ಇದ್ದೂ ಬಂದಿರತ್ತೆ,” ಎಂದೆ. ಉತ್ತರ ಬಂದ ವೇಗಕ್ಕೆ ನನಗೇ ಅನುಮಾನವಾಯಿತು. ನಿಜ ಹೇಳುವಾಗ ನಾನು ಅಷ್ಟು ಚುರುಕಲ್ಲ.

ಮೊದಲು ಕಥೆಯನ್ನು ನಾನು ಹೇಳಿಕೊಂಡು ಬಂದ ಹಾಗೇ ಹೇಳಿಬಿಡುತ್ತೇನೆ. ಇಪ್ಪತ್ತೈದು ವರ್ಷಕ್ಕೂ ಹಿಂದೆ, ನಾನು ಮೈಸೂರಿನಿಂದ ಇಲ್ಲಿಗೆ ಓದಲು ಬಂದಾಗ, ಹಾಸ್ಟೆಲಿನ ರೂಮಿನಲ್ಲಿ ಜೊತೆಯಾದವಳು ಗದಗಿನ ಗಿರಿಜಾ. ಬೀಚ್ ರೋಡಿನ ಹಳೆಯ ಕಟ್ಟಡವೊಂದು ಆಗ ಭಾನುವಾರ ಬಂತೆಂದರೆ ಥಾಯ್‌ಲ್ಯಾಂಡಿನ ಒಂದು ಓಣಿಯಾಗುತ್ತಿತ್ತು. ಇಲ್ಲಿ ಕಟ್ಟಡ ಕಟ್ಟುವ ಥಾಯ್ ಕೆಲಸಗಾರರಿಗೆ ವಾರಕ್ಕೆ ಅದೊಂದೇ ರಜೆ. ನಾವು ಅಲ್ಲಿಗೆ ಹೋಗುತ್ತಿದ್ದದ್ದು ಸಂಗೀತಕ್ಕಲ್ಲ, ಸಬ್ಬಸಿಗೆಗೆ. ಥಾಯ್‌ಲ್ಯಾಂಡಿನ ಈಶಾನ್ಯದ ಜನ ನಮ್ಮಷ್ಟೇ ಪ್ರೀತಿಯಿಂದ ಸಬ್ಬಸಿಗೆ ತಿನ್ನುತ್ತಾರೆಂಬುದು ಗಿರಿಜಾಳ ಶೋಧ. ಅಲ್ಲಿ ಸಣ್ಣದೊಂದು ಅಂಗಡಿ, ಅದರ ಪಕ್ಕಕ್ಕೆ ನಾಲ್ಕು ಮೇಜಿನ ಹೋಟೆಲು ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಪೀ ನೊಯ್, ಅಂದರೆ ನೊಯ್ ಅಕ್ಕ ಎನ್ನುತ್ತಿದ್ದರು. ಗಿರಿಜಾ ಒಂದೇ ವಾರದಲ್ಲಿ ಅವಳನ್ನು ‘ನೊಯ್ಯಕ್ಕ’ ಮಾಡಿಬಿಟ್ಟಳು.

ಒಂದು ಭಾನುವಾರ ಮಧ್ಯಾಹ್ನ ನೊಯ್ಯಕ್ಕ ನಮ್ಮನ್ನು ಸೊಪ್ಪಿನ ಕಟ್ಟಿನ ಸಮೇತ ಪಕ್ಕದ ಹಾಲ್‌ಗೆ ಎಳೆದುಕೊಂಡು ಹೋಗಿ ಕೂರಿಸಿದಳು. ಅವಳ ಊರಿನ ಹುಡುಗರು ಬ್ಯಾಂಡ್ ಕಟ್ಟಿಕೊಂಡು ಬಂದಿದ್ದರು. ಸಾಮ್‌ಲೋ ಎಂದರೆ ಮೂರು ಗಾಲಿಯ ಸೈಕಲ್ ರಿಕ್ಷಾ. ಹುಡುಗರು ಮಾತ್ರ ನಾಲ್ಕು ಜನ. ನಾಲ್ಕನೆಯವನು ಯಾಕೆ ಎಂದು ಕೇಳಿದ್ದಕ್ಕೆ, ಏರು ಬಂದಾಗ ತಳ್ಳುವುದಕ್ಕೆ ಎಂದಳು ನೊಯ್ಯಕ್ಕ. ಹಾಡುವವನ ಹೆಸರು ಲೆಕ್, ‘ಚಿಕ್ಕವನು’ ಎಂದು ಅರ್ಥ. ಆಳು ಆರಡಿ ಇದ್ದ.

ಕೊನೆಯ ಹಾಡಿನ ಪಲ್ಲವಿಯಲ್ಲಿ ಇದ್ದದ್ದು ಒಂದೇ ಪದ. ಲೆಕ್ ಯಾರಾದರೊಬ್ಬರ ಕಡೆ ಬೆರಳು ಚಾಚಿ “ಬಾ” ಎಂದು ಕೂಗುತ್ತಿದ್ದ. ಅವರು ನಗುತ್ತಾ ತಿರುಗಿ “ಬಾ” ಎಂದು ಕೂಗುತ್ತಿದ್ದರು. ಹೀಗೆ ಕೂಗುತ್ತಾ ಕೂಗುತ್ತಾ ಬೆರಳು ನಮ್ಮ ಮೂಲೆಗೆ ಬಂತು. ಕರೆದರೆ ಹೋಗಬೇಕಲ್ಲ. ನಾನು ಎದ್ದು ಹೋಗಿ ವೇದಿಕೆ ಹತ್ತಿದೆ. ಲೆಕ್ ಗಾಬರಿಯಾಗಿ ಹಾಡು ನಿಲ್ಲಿಸಿದ. ನಾನು ಮೈಕಿಗೆ ಬಾಗಿ “ಏನ್ರೀಪಾ?” ಎಂದೆ. ಅವನು “ಅರೈ?” ಎಂದ. ಅದಕ್ಕೂ ‘ಏನು’ ಎಂದೇ ಅರ್ಥವಂತೆ. ಇಡೀ ಹಾಲ್ ನಕ್ಕು ನಕ್ಕು ಬಿದ್ದುಹೋಯಿತು. ಡ್ರಮ್ಮಿನವನು ನನ್ನ ಕೈಗೊಂದು ಗಿಲಕಿ ಕೊಟ್ಟ, ಹಾಡು ಮುಗಿಯುವವರೆಗೂ ನಾನದನ್ನು ಅಲ್ಲಾಡಿಸಿದೆ. ಇಳಿದು ಬಂದ ಮೇಲೆ ನೊಯ್ಯಕ್ಕ ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು: ಥಾಯ್ ಭಾಷೆಯಲ್ಲಿ ‘ಬಾ’ ಎಂದರೆ ಹುಚ್ಚು.

ಈ ಕಥೆಯನ್ನು ನಾನು ಚೆನ್ನಾಗಿ ಹೇಳುತ್ತೇನೆ. ಮದುವೆಗೆ ಮುಂಚೆ ನನ್ನ ಗಂಡನಿಗೆ ಬೆಡೋಕಿನ ಹಾಕರ್ ಸೆಂಟರಿನ ಊಟದಂಗಡಿಗಳ ನಡುವೆ ಹೇಳಿ ನಗಿಸಿದ್ದೆ. ಇಷ್ಟು ಧೈರ್ಯದ ಹುಡುಗಿ ಎಂದು ಅವರು ಒಪ್ಪಿದರೆಂಬುದು ನಮ್ಮ ಮನೆಯ ಇತಿಹಾಸ. ಇಳಾ ಶಾಲೆಯ ವೇದಿಕೆಗೆ ಹೆದರಿದಾಗಲೆಲ್ಲ ಇದೇ ಅವಳಿಗೆ ಕಷಾಯ. ಹೇಳುವಾಗ ಮುಖಕ್ಕೆ ಬಡಿದ ದೀಪಗಳ ಶಾಖವನ್ನೂ ವರ್ಣಿಸುತ್ತಿದ್ದೆ. ಆದರೆ ಶನಿವಾರದ ಆ ವಿಡಿಯೋದಲ್ಲಿ ಇದ್ದದ್ದು ಒಂದು ಟ್ಯೂಬ್‌ಲೈಟು. ಶಾಖ ಎಲ್ಲಿಂದ ಬಂತು?

ಬ್ಯಾಂಡಿನ ಬಗ್ಗೆ ನನ್ನ ನೆನಪು ಇದಕ್ಕಿಂತ ನೆಟ್ಟಗಿದೆ, ಯಾಕೆಂದರೆ ಅದನ್ನು ಬೇರೆಯವರಿಂದ ತಾಳೆ ನೋಡಬಹುದು. ಅವರ ಮೊದಲ ಕ್ಯಾಸೆಟ್ಟು ನೊಯ್ಯಕ್ಕನ ಅಂಗಡಿಯಲ್ಲಿ ಸೊಪ್ಪಿನ ಪಕ್ಕದಲ್ಲೇ ಮಾರಾಟವಾಗುತ್ತಿತ್ತು. ರಜೆಗೆ ಊರಿಗೆ ಹೋಗುವ ಕೆಲಸಗಾರರು ಸೋಪು, ಚಾಕೊಲೆಟ್ಟಿನ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡರು. ಸಿಂಗಾಪುರದಿಂದ ಹೊರಟ ಹಾಡು ಹಳ್ಳಿಗಳ ಮೇಲೆ ಹಾಯ್ದು ಬ್ಯಾಂಕಾಕ್ ತಲುಪಿತು. ದೊಡ್ಡ ಕಂಪನಿಯೊಂದು ಹುಡುಗರನ್ನು ಕರೆದು ಎರಡನೆಯ ಆಲ್ಬಮ್ ಮಾಡಿಸಿತು, ಪಿಟೀಲುಗಳನ್ನು ತುಂಬಿ. ಗಿರಿಜಾ ಒಂದೇ ಹಾಡು ಕೇಳಿ ತೀರ್ಪು ಕೊಟ್ಟಳು: “ನಿಮ್ಮ ಮೈಸೂರ್ ಸಾರಿನಂಗ ಸಿಹಿ ಆಗೇತಿ. ಖಾರ ಎಲ್ಲಿ ಹೋತು?”

ಮೂರನೆಯ ಆಲ್ಬಮ್ಮಿಗೆ ಮುಂಚೆ ಬೇಸ್ ಗಿಟಾರಿನವನು, ಅವರ ಪದ್ಧತಿಯಂತೆ, ಒಂದು ಮಳೆಗಾಲ ಭಿಕ್ಷುವಾಗಿ ಹೋಗಿ ಬಂದ. ಕ್ಯಾಸೆಟ್ಟಿನ ಹೊದಿಕೆಯ ಚಿತ್ರದಲ್ಲಿ ಮೂವರಿಗೆ ಭುಜದವರೆಗೆ ಕೂದಲು, ಅವನಿಗೆ ಮಾತ್ರ ಅಕ್ಕಿಕಾಳಿನಷ್ಟು. ಆ ಆಲ್ಬಮ್ಮಿನಲ್ಲಿ ಖಾರ ಮರಳಿತ್ತು. ನನ್ನ ಪ್ರಕಾರ ಅವರ ಶ್ರೇಷ್ಠ ಕೆಲಸ ಅದೇ. ನಾಲ್ಕನೆಯದು ಎನ್ನುವವರಿದ್ದಾರೆ, ಅವರ ಜೊತೆ ನಾನು ವಾದಿಸುವುದನ್ನು ಬಿಟ್ಟಿದ್ದೇನೆ. ಆಮೇಲೆ ದೊಡ್ಡ ಮೈದಾನಗಳು, ಜಾಹೀರಾತು, ಜಗಳ. ಡ್ರಮ್ಮಿನವನು ಬಿಟ್ಟು ಹೋಗಿ ತನ್ನೂರಿನಲ್ಲಿ ಬೈಕ್ ರಿಪೇರಿ ಅಂಗಡಿ ಹಾಕಿದ. ಬದಲಿಗೆ ಬಂದವನು ತಾಳ ತಪ್ಪುತ್ತಲೇ ಇರಲಿಲ್ಲ, ಅದೇ ಅವನ ದೋಷ. ಲೆಕ್ ಒಬ್ಬನೇ ಹಾಡಲು ಹೋದ. ಮೂರು ಗಾಲಿ ಮೂರು ಕಡೆ ಉರುಳಿದವು.

ಹಲವು ವರ್ಷ ಅವರ ಸುದ್ದಿಯಿರಲಿಲ್ಲ. ನನಗೆ ಮದುವೆಯಾಗಿ, ಇಳಾ ಹುಟ್ಟಿ, ನಾವು ಟ್ಯಾಂಪಿನೀಸಿಗೆ ಶಿಫ್ಟ್ ಆದದ್ದೆಲ್ಲ ಆ ಮೌನದಲ್ಲಿ. ಬ್ಯಾಂಡು ಸುಮ್ಮನಾದಷ್ಟೂ ನನ್ನ ಕಥೆ ಬೆಳೆಯಿತು ಎಂದು ಈಗ ತೋರುತ್ತದೆ, ತಡೆಯುವವರು ಯಾರೂ ಇರಲಿಲ್ಲವಲ್ಲ. ಆಮೇಲೊಂದು ದಿನ ಲೆಕ್ ತನ್ನ ಬೈಕ್ ಕೆಟ್ಟಿತೆಂಬ ನೆಪ ಮಾಡಿಕೊಂಡು ಡ್ರಮ್ಮಿನವನ ಅಂಗಡಿಗೆ ಹೋದನಂತೆ. ಅಲ್ಲೇ, ಟಯರುಗಳ ನಡುವೆ, ನಾಲ್ಕೂ ಜನ ಕೂತು ನುಡಿಸಿದ್ದನ್ನು ಯಾರೋ ಫೋನಿನಲ್ಲಿ ಹಿಡಿದರು. ಅವರ ಮೊದಲ ಕ್ಯಾಸೆಟ್ಟು ಬಂದಾಗ ಹುಟ್ಟಿರದಿದ್ದ ಮಕ್ಕಳೆಲ್ಲ ಅದನ್ನು ನೋಡಿದರು. ಇಳಾ ಕೂಡ. ಹೊಟ್ಟೆ ಬಂದ, ಕೂದಲು ಹೋದ ನಾಲ್ವರು ಮತ್ತೆ ಮೈದಾನ ತುಂಬಿಸಿದರು. ಈಗ ಡ್ರಮ್ಮಿನವನ ಮಣಿಕಟ್ಟು ನೋಯುತ್ತದಂತೆ. ಇನ್ನೊಬ್ಬ ಬದಲಿಯನ್ನು ತರುವುದಕ್ಕಿಂತ ನಿಲ್ಲಿಸುವುದೇ ಸರಿ ಎಂದು ತೀರ್ಮಾನಿಸಿದ್ದಾರೆ. ಒಳ್ಳೆಯ ತೀರ್ಮಾನ. ಒಮ್ಮೆ ಮಾಡಿದ ತಪ್ಪನ್ನು ಮರೆಯದವರ ತೀರ್ಮಾನ.

ನಾನು ಡೈರಿ ಬರೆಯುವವಳು. ಬರೆಯುತ್ತೇನೆ, ಓದುವುದಿಲ್ಲ. ಹಳೆಯ ಡೈರಿಗಳು ನಮ್ಮ ಮನೆಯ ಬಾಂಬ್ ಶೆಲ್ಟರಿನಲ್ಲಿವೆ. ಇಲ್ಲಿನ ಸರ್ಕಾರಿ ಫ್ಲ್ಯಾಟುಗಳಲ್ಲಿ ಯುದ್ಧಕಾಲಕ್ಕೆಂದು ಕಟ್ಟಿದ ದಪ್ಪ ಗೋಡೆಯ ಆ ಕೋಣೆಯಲ್ಲಿ ಎಲ್ಲರೂ ಈರುಳ್ಳಿ, ಸೂಟ್‌ಕೇಸು ಇಡುತ್ತಾರೆ. ಮಗಳು ಸ್ನಾನಕ್ಕೆ ಹೋದಾಗ ಒಳಗೆ ಹೋಗಿ ಆ ವರ್ಷದ್ದನ್ನು ತೆಗೆದೆ. ಭಾನುವಾರದ ಪುಟದಲ್ಲಿ ನನ್ನದೇ ದುಂಡು ಅಕ್ಷರ:

‘ಸಬ್ಬಸಿಗೆ ಎರಡು ಕಟ್ಟು. ಆಮೇಲೆ ಬ್ಯಾಂಡ್. ಹಾಡುವವನು ಮೊದಲು ನನ್ನ ಕಡೆ ಕೈ ತೋರಿಸಿ ಬಾ ಅಂದ. ನಾನು ತಲೆ ತಗ್ಗಿಸಿದೆ. ಆಮೇಲೆ ಗಿರಿಜಾ ಕಡೆ ತೋರಿಸಿದ. ಅವಳು ಎದ್ದು ಹೋದಳು.’

ಅಷ್ಟೇ. ಶೆಲ್ಟರಿನ ಗೋಡೆ ಎಷ್ಟು ದಪ್ಪವಿದ್ದರೂ ಆ ನಾಲ್ಕು ಸಾಲನ್ನು ತಡೆಯಲಿಲ್ಲ. ಪುಟ ತಿರುವಿದರೆ ಮುಂದಿನ ಭಾನುವಾರ: ‘ಗಿರಿಜಾಳ ಸೋದರಮಾವ ಬಂದಿದ್ದರು. ನಾನೇ ಅಂತ ಹೇಳಿದೆ.’

ಇದನ್ನು ಓದಿದ ಮೇಲೆ ನೆನಪಾಯಿತು, ಪೂರ್ತಿಯಾಗಿ. ಅವಳ ಮಾವ ಬೆಡೋಕಿನಲ್ಲಿದ್ದರು, ಇಲ್ಲಿ ಅವಳಿಗೆ ದಿಕ್ಕು ದೆಸೆ ಅವರೇ. ಕಟ್ಟುನಿಟ್ಟಿನ ಮನುಷ್ಯ, ಲಿಂಗಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ. ಕನ್ನಡದ ಹುಡುಗಿಯೊಬ್ಬಳು ಬಿಯರು ಕುಡಿಯುವವರ ಮುಂದೆ ವೇದಿಕೆ ಹತ್ತಿ ಕುಣಿದಳೆಂಬ ಸುದ್ದಿ ಹೇಗೋ ಅವರಿಗೆ ಮುಟ್ಟಿತ್ತು. ಕುಣಿದದ್ದು ಸುದ್ದಿಯೇ ಹೊರತು ಗಿರಿಜಾ ಅಲ್ಲ. ಹಾಸ್ಟೆಲಿನ ಕೆಳಗಿನ ಬೆಂಚಿನ ಮೇಲೆ ಕೂತು ನಮ್ಮಿಬ್ಬರನ್ನೂ ಎದುರು ನಿಲ್ಲಿಸಿಕೊಂಡು ಕೇಳಿದ್ದರು.

“ಇಬ್ಬರೊಳಗ ಹತ್ತಿದಾಕಿ ಯಾರು? ಖರೇ ಹೇಳ್ರಿ. ನಮ್ಮ ಗಿರಿಜಾ ಆಗಿದ್ರ ನಾಳೆನ ಗದಗಿಗೆ ಟಿಕೆಟ್ ತಗಸ್ತೀನಿ.”

ಗಿರಿಜಾ ನೆಲ ನೋಡುತ್ತಿದ್ದಳು. ಅವಳ ಬೆರಳು ನನ್ನ ದುಪ್ಪಟ್ಟದ ತುದಿಯನ್ನು ಹಿಡಿದಿತ್ತು.

“ನಾನೇ ಅಂಕಲ್,” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಿರಿಜಾಗೆ ಹೇಳಿದರು: “ಓದಾಕ ಬಂದೀ, ಓದು. ಇಂಥವರ ಜೋಡಿ ತಿರಗಬ್ಯಾಡ.” ಅಲ್ಲಿಂದ ಮುಂದೆ ಎರಡು ವರ್ಷ ಬೆಡೋಕಿನ ಹಬ್ಬದೂಟಕ್ಕೆ ನನಗೆ ಕರೆಯಿರಲಿಲ್ಲ. ಗಿರಿಜಾ ನನ್ನ ಪಾಲಿನ ಹೋಳಿಗೆಯನ್ನು ಪುಸ್ತಕದ ಚೀಲದಲ್ಲಿ ಬಚ್ಚಿಟ್ಟು ತರುತ್ತಿದ್ದಳು.

ಹೀಗೆ ಒಂದು ಒಳ್ಳೆಯ ಕೆಲಸಕ್ಕೆ ಹೇಳಿದ ಸುಳ್ಳು ಅದು. ಆ ಸುಳ್ಳಿನ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಆದರೆ ಮಾವನೆದುರು ಹಾಕಿಕೊಂಡ ವೇಷವನ್ನು ನಾನು ಎಂದು ಕಳಚಬೇಕಿತ್ತೋ ಅಂದು ಕಳಚಲಿಲ್ಲ. ಗಂಡನಾಗುವವನ ಮುಂದೆ ಚೆಂದ ಕಂಡಿತು, ಮಗಳ ಮುಂದೆ ಇನ್ನೂ ಚೆಂದ ಕಂಡಿತು. ಯಾವಾಗ ಅದು ಚರ್ಮವಾಯಿತೆಂಬುದು ನನ್ನ ಯಾವ ಡೈರಿಯಲ್ಲೂ ಇಲ್ಲ.

ಮಧ್ಯಾಹ್ನವೇ ಬಸ್ಸು ಹತ್ತಿ ಬೆಡೋಕಿಗೆ ಹೋದೆ. ಗಿರಿಜಾ ಈಗ ಅಲ್ಲೇ ಇದ್ದಾಳೆ, ಮಾವ ಇದ್ದ ಬ್ಲಾಕಿನ ಎದುರು ಬ್ಲಾಕಿನಲ್ಲಿ. ಮಾವ ತೀರಿಹೋಗಿ ಕೆಲವು ವರ್ಷಗಳಾದವು. ಆಫೀಸಿನಲ್ಲಿ, ಕನ್ನಡ ಕೂಟದಲ್ಲಿ ಅವಳು ಬೆಂಗಳೂರಿನವರ ಹಾಗೆ ‘ಬೇಡ’, ‘ಹೋಗೋಣ’ ಎನ್ನುತ್ತಾಳೆ. ಒಲೆಯ ಮುಂದೆ ನಿಂತಾಗ ಗದಗು ತಾನಾಗಿ ಬರುತ್ತದೆ. ರೊಟ್ಟಿ ಬಡಿಯುತ್ತಿದ್ದಳು. ಫೋನು ಹಿಡಿದು ವಿಡಿಯೋ ತೋರಿಸಿದೆ. ಹಿಟ್ಟಿನ ಕೈ ಎತ್ತಿಕೊಂಡೇ ನೋಡಿದಳು.

“ಎಷ್ಟ್ ಸಣ್ಣಾಕಿ ಇದ್ನಲ್ಲ ನಾ,” ಎಂದಳು. ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು.

“ನಿಂಗೆ ಯಾವಾಗಲೂ ನೆನಪಿತ್ತಾ?”

“ಮರಿಯೂದು ಹೆಂಗ? ಜನ್ಮದಾಗ ಒಮ್ಮೆ ಹುಚ್ಚಿ ಅನ್ನಿಸ್ಕೊಂಡೇನಿ.”

“ಮತ್ತೆ ನಾನು ನಿನ್ನೆದುರಿಗೇ ಅಷ್ಟು ಸಲ ಹೇಳ್ತಿದ್ದೆ. ಯಾಕೆ ಸುಮ್ಮನಿದ್ದೆ?”

“ಮದಲ ಮಾಮಾನ ಅಂಜಿಕಿ. ಆಮ್ಯಾಲ ನೀ ಹೇಳೂದು ಕೇಳಾಕ ಚಂದ ಇತ್ತು. ನಾ ಹೋಗಿದ್ದು ನಾಕ್ ಹೆಜ್ಜಿ. ನಿನ್ನ ಕಥಿಯೊಳಗ ನಲವತ್ತ್ ಹೆಜ್ಜಿ ಇರ್ತಿದ್ವು.” ಕರಕಾದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. “ಒಂದ್ ಸಲ ಮಾತ್ರ ಸಿಟ್ಟು ಬಂದಿತ್ತು.”

“ಯಾವಾಗ?”

“ಇಳಾಂದು ಬರ್ತ್‌ಡೇ ದಿನ. ಆ ಕೂಸು ನನ್ನ ಕೇಳ್ತು, ಆಂಟಿ ನೀವೂ ಇದ್ರಾ ಅಲ್ಲೆ, ನೀವ್ಯಾಕ ಹೋಗ್ಲಿಲ್ಲ ಅಂತ. ನಾ ಬಾಯಿ ತಗಿಯೂದ್ರೊಳಗ ನೀ ಅಂದಿ: ಅವಳಾ? ಅವಳು ತಲೆ ತಗ್ಗಿಸ್ಕೊಂಡು ಕೂತಿದ್ದಳು ಅಂತ.” ಇಷ್ಟನ್ನು ಅವಳು ನನ್ನ ಮೈಸೂರಿನ ದನಿಯಲ್ಲೇ ಹೇಳಿದಳು, ಚೆನ್ನಾಗಿ ಹೇಳಿದಳು. “ನಾ ಎದ್ದಿದ್ದು ನೀ ತಗೊಂಡಿ, ಹೋಗ್ಲಿ. ನೀ ಕೂತಿದ್ದನ್ನ ಯಾಕ ನನಗ ಕೊಟ್ಟಿ?”

ಇದಕ್ಕೆ ಕ್ಷಮೆ ಕೇಳಿದೆ. ಒಮ್ಮೆಯೇ ಕೇಳಿದೆ. ನಮ್ಮ ವಯಸ್ಸಿನವರು ಎರಡನೆಯ ಸಲ ಕೇಳಿದರೆ ಸಮಾಧಾನ ಮಾಡುವ ಕೆಲಸ ಎದುರಿನವರ ತಲೆಗೆ ಬೀಳುತ್ತದೆ. ಅವಳು ಎರಡು ರೊಟ್ಟಿ ಬಡಿದು ಮುಗಿಸಿದಳು. ಆಮೇಲೆ ಕೇಳಿದಳು:

“ಪಾಸ್ ಯಾರ ಹೆಸರಿಗೈತಿ?”

“ನನ್ನ ಹೆಸರಿಗೆ. ಬದಲಾಯಿಸ್ತೀನಿ. ಆದರೆ ಇಳಾಗೆ ಮೊದಲು ಹೇಳಬೇಕು.”

“ಅಲ್ಲೆ ನಮ್ಮ ಕೂಟದ ಮಂದಿನೂ ಬರ್ತಾರ. ನೋಡಿ ನಗ್ತಾರ.”

“ನಗಲಿ. ಬರ್ತೀಯಾ?”

“ಬರ್ತೀನಿ. ಹ್ವಾದ ಸಲ ತಿಳೀದ ಹತ್ತಿದ್ದೆ. ಈ ಸಲ ಅರ್ಥ ತಿಳ್ಕೊಂಡು ಹತ್ತತೀನಿ.”

ಮಗಳಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಗಿರಿಜಾಗೆ ನಿಜ ಗೊತ್ತಿತ್ತು. ಇಳಾಗೆ ನಾನು ಗೊತ್ತಿದ್ದೆ, ಅಥವಾ ಹಾಗೆಂದು ಅವಳು ತಿಳಿದಿದ್ದಳು. ಡೈರಿಯನ್ನು ಅವಳ ಮುಂದಿಟ್ಟೆ. ಕನ್ನಡ ನಿಧಾನವಾಗಿ ಓದುತ್ತಾಳೆ. ಎರಡು ಭಾನುವಾರಗಳನ್ನು ಬೆರಳಿಟ್ಟು ಓದಿದಳು.

“ಸೋ ನೀನು ಹೋಗ್ಲೇ ಇಲ್ಲ.”

“ಇಲ್ಲ.”

“ಸ್ಕೂಲ್ ಡಿಬೇಟ್ ಟೈಮಲ್ಲಿ ನಾನು ಬಾತ್‌ರೂಮಲ್ಲಿ ನಿಂತ್ಕೊಂಡು ಅದನ್ನೇ ನೆನೆಸ್ಕೊಂಡಿದ್ದೆ, ಅಮ್ಮ. ನೀನು ನಡ್ಕೊಂಡು ಹೋಗೋದನ್ನ.”

ಅವಳು ಮತ್ತೆ ಎರಡನೆಯ ಪುಟಕ್ಕೆ ಹೋದಳು. “ಈ ಅಂಕಲ್ ಹತ್ರ ನಾನೇ ಅಂದದ್ದು? ಅದು ನೀನೇನಾ? ಪಕ್ಕಾ?”

“ಅದು ನಾನೇ,” ಎಂದು ಮಾವ ಹಾಕಿದ ಟಿಕೆಟ್ಟಿನ ಬೆದರಿಕೆಯನ್ನೂ ಹೇಳಿದೆ.

“ಅದು ಯಾಕೆ ಯಾವತ್ತೂ ಹೇಳ್ಲಿಲ್ಲ? ದಟ್ ಒನ್ ಈಸ್ ಬೆಟರ್, ಲಾ,” ಎಂದಳು. ಲ್ಯಾಪ್‌ಟಾಪ್ ತೆರೆದು ಇಮೇಲ್ ತಿದ್ದಿದಳು: ಅದು ನನ್ನ ಅಮ್ಮ ಅಲ್ಲ, ಅಮ್ಮನ ಗೆಳತಿ ಗಿರಿಜಾ. ತಪ್ಪಾಗಿದೆ, ಕ್ಷಮಿಸಿ. ತಪ್ಪು ಯಾರದೆಂದು ಅವಳು ಬರೆಯಲಿಲ್ಲ. ಆಮೇಲೆ ಎರಡು ದಿನ ನನ್ನ ಜೊತೆ ಅಷ್ಟಕ್ಕಷ್ಟೇ ಮಾತಾಡಿದಳು. ನನ್ನ ಗಂಡ ಮಾತ್ರ ಎಲ್ಲ ಕೇಳಿ, “ಹಾಗಾದರೆ ನಾನು ಗಿರಿಜಾಳನ್ನ ಮದುವೆ ಆಗಬೇಕಿತ್ತು,” ಎಂದು ಹೇಳಿ ಚಹಾ ಕುಡಿದರು.

ಕಲ್ಲಾಂಗಿನ ಕಾರ್ಯಕ್ರಮಕ್ಕೆ ನಾವು ನಾಲ್ವರೂ ಹೋದೆವು. ನನ್ನ, ಇಳಾಳ, ನನ್ನ ಗಂಡನ ಸೀಟು ಮೇಲಿನ ಸಾಲಿನಲ್ಲಿ. ಗಿರಿಜಾಳನ್ನು ಕೊರಳಿಗೆ ಪಾಸು ಹಾಕಿ ಒಳಗೆ ಕರೆದುಕೊಂಡು ಹೋದರು. ಸಾಮ್‌ಲೋ ಎರಡು ಗಂಟೆ ನುಡಿಸಿತು. ಡ್ರಮ್ಮಿನವನು ಹಾಡು ಹಾಡಿನ ನಡುವೆ ಕೈ ಕೊಡವಿಕೊಳ್ಳುತ್ತಿದ್ದ, ಆದರೆ ಒಂದು ಏಟೂ ಸೋಮಾರಿಯಾಗಿರಲಿಲ್ಲ. ಎರಡನೆಯ ಆಲ್ಬಮ್ಮಿನ ಹಾಡುಗಳನ್ನು ಅವರು ಮುಟ್ಟಲೇ ಇಲ್ಲ. ಕೆಳಗೆ ಎಲ್ಲೋ ಗಿರಿಜಾ ಇದನ್ನು ಗಮನಿಸಿ ತಲೆಯಾಡಿಸಿರುತ್ತಾಳೆ.

ಕೊನೆಯ ಹಾಡು ಬಂತು. ಲೆಕ್‌ನ ದನಿ ಈಗ ಒಂದು ಮೆಟ್ಟಿಲು ಕೆಳಗಿಳಿದಿದೆ, ಅದರಿಂದ ಹಾಡಿಗೆ ಮೇಲಾಗಿದೆ. ಅವನು ಬೆರಳು ಚಾಚಿದ. ಹತ್ತು ದಿಕ್ಕಿನಿಂದ ಜನ ತಿರುಗಿ ಕೂಗಿದರು. ಆಮೇಲೆ ಬೆರಳು ಪಕ್ಕದ ಪರದೆಯ ಕಡೆ ಹೋಯಿತು, ಗಿರಿಜಾ ಹೊರಗೆ ಬಂದಳು. ಅವಸರವಿಲ್ಲದೆ, ರೇಷನ್ ತರಲು ಹೊರಟವಳ ನಡಿಗೆಯಲ್ಲಿ. ನಾನು ಹೆಜ್ಜೆ ಎಣಿಸಿದೆ, ನಾಲ್ಕಕ್ಕಿಂತ ತುಂಬಾ ಜಾಸ್ತಿಯಿದ್ದವು. ಲೆಕ್ ಕೈ ಜೋಡಿಸಿ ಬಾಗಿ ಅವಳ ಕಿವಿಯಲ್ಲಿ ಏನೋ ಕೇಳಿದ, ಅವಳು ಏನೋ ಹೇಳಿದಳು. ಅವನು ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಏನೆಂದು ನಾನು ಅವಳನ್ನು ಕೇಳಿಲ್ಲ. ಕೇಳಿದರೆ ಹೇಳುತ್ತಾಳೆ, ಹೇಳಿದರೆ ನಾನು ನಾಲ್ಕು ಜನಕ್ಕೆ ಹೇಳುತ್ತೇನೆ.

ಇಳಾ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು: “ಅಮ್ಮ, ಆವತ್ತು ಆಂಟಿ ಸ್ಟೇಜ್ ಮೇಲಿದ್ದಾಗ ನೀನೇನ್ ಮಾಡ್ತಿದ್ದೆ?”

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ನಾನೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಂಗೈಯಲ್ಲಿ ಅದರ ಉರಿಯೂ ಇತ್ತು. ಡೈರಿಯಲ್ಲಿ ಅದಿಲ್ಲ.

“ಗೊತ್ತಿಲ್ಲ ಕಣೇ,” ಎಂದೆ. “ಕೂತಿದ್ದೆ. ಅಷ್ಟು ಮಾತ್ರ ಗೊತ್ತು.”

ಅವಳು ನನ್ನ ಮುಖ ನೋಡಿ, ಸರಿ ಎನ್ನುವಂತೆ ತಲೆಯಾಡಿಸಿ, ವೇದಿಕೆಯ ಕಡೆ ತಿರುಗಿದಳು. ಅಷ್ಟರಲ್ಲಿ ಮುಂದಿನ ಸಾಲಿನವರು ಎದ್ದರು, ಅವರ ಹಿಂದಿನವರೂ ಎದ್ದರು. ನನಗೆ ಬೆನ್ನುಗಳ ಹೊರತು ಏನೂ ಕಾಣಲಿಲ್ಲ. ಗಿರಿಜಾಳನ್ನು ನೋಡಬೇಕಾದರೆ ನಾನೂ ಏಳಬೇಕಿತ್ತು. ಎದ್ದೆ.